ಸಾವಿರಾರು ಸಿಮ್ಯುಲೇಶನ್‌ಗಳು ಮತ್ತು ಅವುಗಳ ದಾಖಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಸೋಂಕು ಹರಡುವ ಬಗೆಯನ್ನಾಗಲಿ, ಸೇತುವೆಯ ಮೇಲೆ ಬೀಳುವ ಗಾಳಿಯ ಒತ್ತಡವನ್ನಾಗಲಿ ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವವರಿಗೆ ಒಂದು ಸಿಮ್ಯುಲೇಶನ್ ಎಂದೂ ಸಾಲದು. ಐದು ನಿಯತಾಂಕಗಳಿಗೆ, ಅಂದರೆ ಗಾಳಿಯ ವೇಗದಂತೆ ನಾವು ಬದಲಿಸಿ ನೋಡುವ ಸಂಖ್ಯೆಗಳಿಗೆ, ತಲಾ ಹತ್ತು ಬೆಲೆಗಳನ್ನಿಟ್ಟು ಎಲ್ಲ ಜೋಡಣೆಗಳನ್ನೂ ಪರೀಕ್ಷಿಸಹೊರಟರೆ 1,00,000 ಸಲ ನಡೆಸಬೇಕಾಗುತ್ತದೆ. ಮೆಕೇ, ಬೆಕ್‌ಮನ್ ಮತ್ತು ಕಾನೋವರ್ 1979ರಲ್ಲಿ ಪ್ರಕಟಿಸಿದ ಲ್ಯಾಟಿನ್ ಹೈಪರ್‌ಕ್ಯೂಬ್ ವಿಧಾನವು, ಪ್ರತಿ ನಿಯತಾಂಕದ ಇಡೀ ವ್ಯಾಪ್ತಿಯನ್ನು ಸಮನಾಗಿ ಆವರಿಸುವಂತೆ ಕೆಲವೇ ಬಿಂದುಗಳನ್ನು ಆರಿಸಿಕೊಟ್ಟು ಈ ಹೊರೆಯನ್ನು ತಗ್ಗಿಸುತ್ತದೆ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಡಕೋಟಾ ತಂತ್ರಾಂಶದಲ್ಲಿ ಈ ಆಯ್ಕೆಯೂ, ಯಾವ ನಿಯತಾಂಕದ ಪ್ರಭಾವ ಎಷ್ಟು ಎಂಬ ವಿಶ್ಲೇಷಣೆಯೂ ಒಟ್ಟಿಗೇ ಸಿಗುತ್ತವೆ.

ಕೆಲಸವನ್ನು ನೂರಾರು ಯಂತ್ರಗಳಿಗೆ ಹಂಚುವುದು ಇಂದು ಕಷ್ಟವಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಹುಟ್ಟಿದ ಕಾಂಡರ್, ಸೂಪರ್‌ಕಂಪ್ಯೂಟರುಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಸ್ಲರ್ಮ್, ಈ ತಂತ್ರಾಂಶಗಳು ಕೆಲಸಗಳ ಸರದಿಯನ್ನು ನೋಡಿಕೊಳ್ಳುತ್ತವೆ. ಸ್ನೇಕ್‌ಮೇಕ್‌ನಂತಹ ಸಾಧನಗಳು ಆಗಲೇ ಮುಗಿದಿರುವುದನ್ನು ಬಿಟ್ಟು, ಬಾಕಿ ಉಳಿದುದನ್ನಷ್ಟೇ ನಡೆಸುತ್ತವೆ.

ನಿಜವಾದ ತೊಡಕು ಫಲಿತಾಂಶಗಳನ್ನು ಒಟ್ಟುಗೂಡಿಸುವಾಗ ಎದುರಾಗುತ್ತದೆ. ಯಾದೃಚ್ಛಿಕ ಸಂಖ್ಯೆಗಳ ಸೀಡ್ ಅನ್ನು, ಅಂದರೆ ಆ ಸಂಖ್ಯೆಗಳ ಸರಣಿಯನ್ನು ಹುಟ್ಟಿಸುವ ಆರಂಭದ ಸಂಖ್ಯೆಯನ್ನು, ಗಡಿಯಾರದ ಸೆಕೆಂಡಿನಿಂದ ಪಡೆದರೆ, ಅದೇ ಸೆಕೆಂಡಿನಲ್ಲಿ, ಅದೇ ನಿಯತಾಂಕಗಳೊಡನೆ ಆರಂಭವಾದ ಸಿಮ್ಯುಲೇಶನ್‌ಗಳೆಲ್ಲ ಒಂದೇ ಉತ್ತರವನ್ನು ಕೊಡುತ್ತವೆ. ಅವುಗಳನ್ನು ಸ್ವತಂತ್ರ ಮಾದರಿಗಳೆಂದು ಎಣಿಸಿದವರಿಗೆ ದೋಷದ ಅಂದಾಜು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಯಾದೃಚ್ಛಿಕ ಮಾದರಿಗಳ ಸರಾಸರಿಯಿಂದ ಉತ್ತರವನ್ನು ಅಂದಾಜಿಸುವ ಸರಳ ಮಾಂಟೆ ಕಾರ್ಲೋ ವಿಧಾನದಲ್ಲಿ ದೋಷವನ್ನು ಹತ್ತನೆಯ ಒಂದಕ್ಕೆ ಇಳಿಸಲು ನೂರು ಪಟ್ಟು ಸ್ವತಂತ್ರ ಮಾದರಿಗಳು ಬೇಕೆಂಬುದನ್ನು ನೆನೆದರೆ, ಈ ನಷ್ಟ ಸಣ್ಣದಲ್ಲವೆಂಬುದು ಸ್ಪಷ್ಟ.

ಇನ್ನೂ ಹೆಚ್ಚಿನ ಎಚ್ಚರ ಬೇಕಾದದ್ದು ಅರ್ಧಕ್ಕೇ ನಿಂತ ಸಿಮ್ಯುಲೇಶನ್‌ಗಳ ವಿಷಯದಲ್ಲಿ. ಅವು ಮನಬಂದ ಕಡೆಗಳಲ್ಲಿ ನಿಲ್ಲುವುದು ಅಪರೂಪ. ಬಹುಮಟ್ಟಿಗೆ ನಿಯತಾಂಕಗಳು ತೀರ ಹೆಚ್ಚು ಅಥವಾ ತೀರ ಕಡಿಮೆ ಇರುವಲ್ಲಿ, ಅಂದರೆ ನಮಗೆ ತಿಳಿಯಲೇಬೇಕಾದ ಅಪಾಯದ ವಲಯದಲ್ಲಿಯೇ, ಲೆಕ್ಕ ಅಸ್ಥಿರವಾಗಿ ಕುಸಿಯುತ್ತದೆ. ಅಂಥವನ್ನು ಸದ್ದಿಲ್ಲದೆ ಕೈಬಿಟ್ಟು ಉಳಿದವುಗಳ ಸರಾಸರಿ ತೆಗೆದರೆ, ಸೇತುವೆ ಇರುವುದಕ್ಕಿಂತ ಗಟ್ಟಿಯಾಗಿ ತೋರೀತು.

ಆದ್ದರಿಂದ ಸಾಧನವನ್ನು ಆರಿಸುವಾಗ ವೇಗಕ್ಕಿಂತ ಮೊದಲು ದಾಖಲೆಯನ್ನು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರತಿ ಸಿಮ್ಯುಲೇಶನ್ನಿಗೂ ಪ್ರೋಗ್ರಾಮಿನ ಆವೃತ್ತಿ, ನಿಯತಾಂಕಗಳು, ಸೀಡ್ ಮತ್ತು ಅದು ಮುಗಿದ ಸ್ಥಿತಿ ಒಂದೇ ಕೋಷ್ಟಕದಲ್ಲಿ ಸೇರಿರಬೇಕು. ನಿಂತುಹೋದವುಗಳ ಸಾಲೂ ಕಾರಣಸಹಿತವಾಗಿ ಅಲ್ಲಿಯೇ ಉಳಿದಿರಬೇಕು. ಆಗ ಸಂಶಯ ಹುಟ್ಟಿಸಿದ ಯಾವ ಒಂದು ಸಾಲನ್ನಾದರೂ ಹೆಕ್ಕಿ, ಅದೊಂದನ್ನೇ ಮತ್ತೆ ನಡೆಸಿ ನೋಡಬಹುದು.