ನಿಮಿಷ ಯಾರ ಪಾಲಿಗೆ?

ಕೇಳುಗರಿಗೆ ನಮಸ್ಕಾರ. ಮೊಬೈಲಿನಲ್ಲಿ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಕಥೆಗಳನ್ನು ನೋಡುವ ಹುಡುಗ ಹುಡುಗಿಯರು ಈಗ ರೇಡಿಯೋ ಹತ್ತಿರ ಕೂತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ. ಪಕ್ಕದಲ್ಲಿ "ಆ ಜಪಾನಿನ ಗೊಂಬೆಯಾಟದಲ್ಲಿ ಅಂಥದ್ದೇನಿದೆ" ಅಂತ ಕೇಳುವ ಅಪ್ಪ ಅಮ್ಮ ಇದ್ದರೆ ಅವರೂ ಕೇಳಲಿ, ಕಷ್ಟದ ವಿಷಯವೇನಲ್ಲ.

ಜನ ಮೆಚ್ಚಿದ ಅನಿಮೆಯನ್ನು ನಿಜವಾದ ನಟರನ್ನಿಟ್ಟುಕೊಂಡು ಸರಣಿ ಮಾಡಿದರೆ ಹೆಚ್ಚಿನವು ಕೆಡುತ್ತವೆ. ಯಾಕೆ ಅಂದರೆ ಎಲ್ಲರೂ ವಿಗ್ಗು, ಬಟ್ಟೆ, ಗ್ರಾಫಿಕ್ಸು ಅನ್ನುತ್ತಾರೆ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ನಿಮಿಷ ಯಾರ ಪಾಲಿಗೆ ಹೋಯಿತು?

ಲೆಕ್ಕ ಹಾಕೋಣ. ಟಿವಿ ಅನಿಮೆಯ ಒಂದು ಕಂತು ಸುಮಾರು 24 ನಿಮಿಷ. ಮೊದಲಿನ ಹಾಡು ಒಂದೂವರೆ ನಿಮಿಷ, ಕೊನೆಯ ಹಾಡು ಒಂದೂವರೆ ನಿಮಿಷ, ಹಿಂದಿನ ವಾರದ ಕಥೆ ಒಂದಿಷ್ಟು. ಕಥೆಗೆ ಉಳಿಯುವುದು 20 ನಿಮಿಷ. ಎಯಿಚಿರೊ ಓಡಾ 1997ರಿಂದ ಬರೆಯುತ್ತಿರುವ ಕಡಲ್ಗಳ್ಳರ ಮಂಗಾ, ಅಂದರೆ ಜಪಾನಿ ಕಾಮಿಕ್ಸ್, 'ಒನ್ ಪೀಸ್' ಅನ್ನೇ ತೆಗೆದುಕೊಳ್ಳಿ. 2023ರ ಆಗಸ್ಟ್ 31ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಅದರ ನಟರ ಸರಣಿಯ ಮೊದಲ ಸೀಸನ್ನು ಅನಿಮೆಯ ಸುಮಾರು 45 ಕಂತುಗಳ ಕಥೆಯನ್ನು ಹೇಳುತ್ತದೆ. 45 ಇಂಟು 20, ಅಂದರೆ 900 ನಿಮಿಷ, 15 ಗಂಟೆ. ಸರಣಿಯವರ ಕೈಯಲ್ಲಿದ್ದದ್ದು 8 ಕಂತು, ಎಂಟು ಗಂಟೆಗೂ ಕಡಿಮೆ. ಅರ್ಧ ಬಿಸಾಡಲೇಬೇಕು. ಇಡೀ ರಾತ್ರಿಯ ಯಕ್ಷಗಾನ ಪ್ರಸಂಗವನ್ನು ಕಾಲಮಿತಿಗೆ ಇಳಿಸುವಾಗ ಯಾವ ಪದ್ಯ ಬಿಡಬೇಕು, ಯಾವುದನ್ನು ಬಿಟ್ಟರೆ ಪ್ರಸಂಗವೇ ಸತ್ತುಹೋಗುತ್ತದೆ ಅನ್ನುವುದು ಭಾಗವತರಿಗೆ ಗೊತ್ತಿರುತ್ತದೆ. ಇಲ್ಲಿ ಬೇಕಾದದ್ದೂ ಅದೇ ಕಿವಿ.

ಅವರು ಬಿಸಾಡಿದ್ದೇನು? ಡಾನ್ ಕ್ರೀಗ್ ಅನ್ನುವ ದೊಡ್ಡ ಖಳನನ್ನು. ಮೂಲದಲ್ಲಿ ತೇಲುವ ಹೋಟೆಲಿನ ಭಾಗವೆಲ್ಲ ಅವನದೇ ಯುದ್ಧ. ಸರಣಿಯಲ್ಲಿ ಹೀಗೆ ಬಂದು ಹಾಗೆ ಮುಗಿದುಹೋಗುತ್ತಾನೆ. ಹಳ್ಳಿಯ ಇಳಿಜಾರಿನಲ್ಲಿ ನಡೆಯುತ್ತಿದ್ದ ಗುಂಪು ಕಾಳಗವನ್ನೂ ತೆಗೆದು, ರಾತ್ರಿ ಹೊತ್ತು ಒಂದು ಬಂಗಲೆಯೊಳಗೆ ಬೆನ್ನಟ್ಟುವ ಆಟವಾಗಿ ಮಾಡಿದರು. ಒಂದೇ ಸೆಟ್ಟು, ನಾಲ್ಕಾರು ಜನ, ಹೆದರಿಕೆಯೂ ಜಾಸ್ತಿ. ಹೀಗೆ ಉಳಿಸಿದ ನಿಮಿಷ ಎಲ್ಲಿಗೆ ಹೋಯಿತು?

ಒಂದು ಬಂಡೆಗೆ ಹೋಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು.

ಸಾಂಜಿ ಅಂತ ಒಬ್ಬ ಅಡುಗೆಯವನು. ಹುಡುಗನಾಗಿದ್ದಾಗ ಒಂದು ಪ್ರಯಾಣಿಕರ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ಜೆಫ್ ಅನ್ನುವ ಕಡಲ್ಗಳ್ಳ ಆ ಹಡಗಿನ ಮೇಲೆ ಬಿದ್ದ. ಅದೇ ಹೊತ್ತಿಗೆ ಬಿರುಗಾಳಿ ಎದ್ದು ಹಡಗು ಒಡೆಯಿತು. ಕಣ್ಣು ಬಿಟ್ಟರೆ ಹುಡುಗ, ಕಳ್ಳ ಇಬ್ಬರೂ ಸಮುದ್ರದ ನಡುವಿನ ಬೋಳು ಬಂಡೆಯ ಮೇಲೆ. ಜೆಫ್ ಒಂದು ಚಿಕ್ಕ ಗಂಟನ್ನು ಹುಡುಗನ ಕಡೆಗೆ ಎಸೆಯುತ್ತಾನೆ: ಇದು ನಿನ್ನ ಪಾಲು. ದೊಡ್ಡ ಮೂಟೆಯನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಾನೆ. ನೀನು ಆ ಕಡೆ ಕೂತು ಹಡಗು ಬರುತ್ತಾ ನೋಡು, ನಾನು ಈ ಕಡೆ ನೋಡುತ್ತೇನೆ ಅಂತಾನೆ. ದಿನ ಕಳೆಯುತ್ತವೆ. ಹುಡುಗನ ಗಂಟು ಖಾಲಿ. ಮೂಳೆ ಎದ್ದು ಕಾಣುತ್ತಿದೆ. ಆ ಮುದುಕನ ಮೂಟೆ ಮಾತ್ರ ಕೂತಲ್ಲೇ ದಪ್ಪಗೆ ಕೂತಿದೆ. ಕೊನೆಗೆ ಹುಡುಗ ಚಾಕು ಹಿಡಿದು ತೆವಳಿಕೊಂಡು ಹೋಗಿ ಮೂಟೆಯನ್ನು ಸೀಳುತ್ತಾನೆ. ಒಳಗೆ ಚಿನ್ನ. ಬರೀ ಚಿನ್ನ! ತಿನ್ನುವಂಥದ್ದು ಒಂದು ಚೂರೂ ಇಲ್ಲ. ಇದ್ದ ಅನ್ನವನ್ನೆಲ್ಲ ಮೊದಲ ದಿನವೇ ಹುಡುಗನಿಗೆ ಕೊಟ್ಟುಬಿಟ್ಟಿದ್ದ. ಆಗ ಹುಡುಗ ಮುದುಕನ ಕಾಲಿನ ಕಡೆ ನೋಡುತ್ತಾನೆ. ಒಂದು ಕಾಲಿಲ್ಲ.

ಮಂಗಾ ಪುಸ್ತಕದಲ್ಲಿ ಜೆಫ್ ಹಸಿವಿಗೆ ತನ್ನ ಕಾಲನ್ನು ತಾನೇ ತಿಂದಿರುತ್ತಾನೆ. ಟಿವಿ ಅನಿಮೆ ಇದನ್ನು ಮೆತ್ತಗೆ ಮಾಡಿತು: ಮುಳುಗುವ ಹುಡುಗನನ್ನು ಉಳಿಸುವಾಗ ಕಾಲು ಹೋಯಿತು ಅಂದಿತು. ತಪ್ಪು ಅನ್ನಲಾರೆ, ಅದನ್ನು ಚಿಕ್ಕ ಮಕ್ಕಳೂ ನೋಡುತ್ತಿದ್ದರು. ನಟರ ಸರಣಿ ಮಾತ್ರ ಪುಸ್ತಕಕ್ಕೇ ವಾಪಸ್ ಹೋಯಿತು. ಖರ್ಚು ನೋಡಿ: ಒಂದು ಬಂಡೆ, ಒಂದು ಮೂಟೆ, ಇಬ್ಬರು. ಗ್ರಾಫಿಕ್ಸಿನ ಆರ್ಭಟವಿಲ್ಲ. ಸಾಂಜಿ ಯಾಕೆ ಹಸಿದವನು ವೈರಿಯಾದರೂ ಬಡಿಸುತ್ತಾನೆ, ಯಾಕೆ ತಟ್ಟೆಯಲ್ಲಿ ಅನ್ನ ಬಿಟ್ಟರೆ ಉರಿದುಬೀಳುತ್ತಾನೆ ಅಂತ ಆಮೇಲೆ ಯಾರೂ ವಿವರಿಸಬೇಕಾಗಿಲ್ಲ. ಕ್ರೀಗ್‌ನ ಯುದ್ಧ ಉಳಿಸಿಕೊಂಡಿದ್ದರೆ ಈ ಬಂಡೆಗೆ ಜಾಗ ಸಿಗುತ್ತಿತ್ತೇ? ಅದಕ್ಕೇ ಕೇಳುತ್ತಿರುವುದು, ನಿಮಿಷ ಯಾರ ಪಾಲಿಗೆ?

ಇನ್ನು ಕೆಟ್ಟದ್ದರ ಕಥೆ. 1998ರ 'ಕೌಬಾಯ್ ಬೀಬಾಪ್', ಬಾಹ್ಯಾಕಾಶದಲ್ಲಿ ತಿರುಗುತ್ತಾ ಅಪರಾಧಿಗಳನ್ನು ಹಿಡಿಯುವವರ 26 ಕಂತಿನ ಅನಿಮೆ. ಅದರ ನಟರ ಸರಣಿ 2021ರ ನವೆಂಬರ್ 19ಕ್ಕೆ ಬಂತು. ಮೂರು ವಾರ ತುಂಬುವುದರೊಳಗೆ ಮುಂದಿನ ಸೀಸನ್ ಇಲ್ಲ ಅಂತ ಹೇಳಿಬಿಟ್ಟರು. ಸಂಗೀತ ಮೂಲದ ಯೋಕೊ ಕಾನ್ನೊ ಅವರದೇ. ತಯಾರಿಸಿದ್ದೂ, ಮುಂದೆ ಒನ್ ಪೀಸ್ ಮಾಡಿದ ಟುಮಾರೊ ಸ್ಟುಡಿಯೋಸೇ. ಹಾಗಾದರೆ ಎಡವಿದ್ದು ಎಲ್ಲಿ? ಮೂಲದಲ್ಲಿ ವಿಶಸ್ ಅನ್ನುವ ಖಳ 26ರಲ್ಲಿ 5 ಕಂತುಗಳಿಗಷ್ಟೇ ಬರುತ್ತಾನೆ. ಜೂಲಿಯಾ ಅನ್ನುವ ನಾಯಕನ ಪ್ರೇಯಸಿ ಕೊನೆಯವರೆಗೆ ಹೆಚ್ಚುಕಡಿಮೆ ನೆರಳು. ಕಾಣದೆ ಇದ್ದದ್ದರಿಂದಲೇ ಅವರಿಗೆ ತೂಕ. ಸರಣಿಯವರು ಇಬ್ಬರನ್ನೂ ಎಳೆದುತಂದು ಕಂತು ಕಂತಿಗೂ ಕೂರಿಸಿ ಮಾತಾಡಿಸಿದರು. ಮುಖ್ಯ ಮೂವರು ತಮ್ಮ ಬಾಹ್ಯಾಕಾಶ ಹಡಗಿನಲ್ಲಿ ಸುಮ್ಮನೆ ಹಸಿದು ಕೂರುವ, ಜಗಳವಾಡುವ ಹೊತ್ತು ಅಷ್ಟಷ್ಟೂ ಕಡಿಮೆಯಾಯಿತು. ಉಪ್ಪನ್ನು ಅನ್ನದ ಅಳತೆಯಲ್ಲಿ ಬಡಿಸಿದ ಹಾಗೆ.

ಸಮಯ ಆಗುತ್ತಿದೆ ಅಂತ ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ, ಉಳಿದದ್ದನ್ನು ಓಡಿಸುತ್ತೇನೆ. ಅನಿಮೆಯಲ್ಲಿ ಸೆಕೆಂಡಿಗೆ 24 ಚೌಕಟ್ಟು, ಆದರೆ ಎಷ್ಟೋ ಸಲ ಹೊಸ ಚಿತ್ರ ಬರೆಯುವುದು 8 ಮಾತ್ರ. ಮುಖವನ್ನು ಐದು ಸೆಕೆಂಡು ಅಲುಗಾಡಿಸದೆ ನಿಲ್ಲಿಸಿದರೂ ಚೆನ್ನ. ನಿಜವಾದ ನಟ ಹಾಗೆ ನಿಂತರೆ ಮಾತು ಮರೆತವನಂತೆ ಕಾಣುತ್ತಾನೆ. ಹೊಡೆಯುವ ಮೊದಲು ಏಟಿನ ಹೆಸರು ಕೂಗುವುದೂ ಅಷ್ಟೇ. ಎದುರಾಳಿ ಕೈಕಟ್ಟಿ ಕಾಯಬೇಕಾಗುತ್ತದೆ. ಓಡುತ್ತಲೇ ಕೂಗಿಸಿ, ಎರಡು ಪದ ಸಾಕು. ಒನ್ ಪೀಸ್ ಸರಣಿಯಲ್ಲಿ ಉಸೋಪ್ ಅನ್ನುವ ಪಾತ್ರದ ಉದ್ದ ಮೂಗನ್ನು ಬಿಟ್ಟದ್ದು ಸರಿ, ಕ್ಲೋಸಪ್ಪಿನಲ್ಲಿ ಕಣ್ಣೆಲ್ಲ ಅಲ್ಲೇ ಹೋಗುತ್ತಿತ್ತು. ಕತ್ತಿವೀರ ಝೋರೊನ ಹಸಿರು ಕೂದಲು ಉಳಿಸಿದ್ದೂ ಸರಿ.

ಕಿರುಚಿತ್ರ ಮಾಡುವ ಆಸೆಯವರು ಗೆರೆ ಪುಸ್ತಕ ತೆಗೆದುಕೊಳ್ಳಿ. ಮೂರು ಕಾಲಂ: ದೃಶ್ಯ, ಅದರಲ್ಲಿ ಪಾತ್ರಕ್ಕೆ ಏನು ಬೇಕು, ಎಷ್ಟು ನಿಮಿಷ. ನಡುವಿನ ಕಾಲಂ ಖಾಲಿ ಬಿದ್ದ ಸಾಲನ್ನು ಹೊಡೆದುಹಾಕಿ, ಎಷ್ಟೇ ಚಂದದ ಫೈಟ್ ಇದ್ದರೂ. ಮೂರನೆಯದನ್ನು ಕೂಡಿಸಿ ನೋಡಿ, ನಿಮಿಷ ಯಾರ ಪಾಲಿಗೆ ಹೋಗಿದೆ ಅಂತ ಕಾಣುತ್ತದೆ.

ಇನ್ನೊಂದೇ ಮಾತು. ಒನ್ ಪೀಸ್ ಸರಣಿಯ ಜಪಾನಿ ಡಬ್ಬಿಂಗಿನಲ್ಲಿ ನಾಯಕ ಲೂಫಿಗೆ ದನಿ ಕೊಟ್ಟವರು 1999ರಿಂದ ಅನಿಮೆಯ ಲೂಫಿಗೆ ದನಿಯಾದ ಮಯೂಮಿ ತನಾಕಾ ಅವರೇ. ಆರನೇ ಕಂತಿಗೆ ಆ ಭಾಷೆ ಹಾಕಿ ನೋಡಿ, ಬಂಡೆ ಬರುವುದು ಅಲ್ಲೇ. ನಮಸ್ಕಾರ.