ಅಂಕಿ ಒತ್ತಿ, ಫಾಬ್ ಹಿಡಿದು ತೆರೆಯುವ ಬಾಗಿಲು

ಕೇಳುಗರೆ, ನಮಸ್ಕಾರ.

ಒಂದೇ ಬಾಗಿಲಿನಿಂದ ಹತ್ತಾರು ಜನ ದಿನವೂ ಹೋಗಿ ಬರುವ ಕಡೆ ಬೀಗದಕೈ ಎಂಬುದು ಮುಗಿಯದ ತಾಪತ್ರಯ. ಎಷ್ಟು ನಕಲು ಮಾಡಿಸಿದರೂ ಒಂದು ಕಡಿಮೆಯೇ ಬೀಳುತ್ತದೆ. ಯಾರಾದರೂ ಒಬ್ಬರು ಕಳೆದುಕೊಂಡರೆ ಬೀಗವನ್ನೇ ಬದಲಿಸಿ ಎಲ್ಲರಿಗೂ ಹೊಸ ಕೈ ಹಂಚಬೇಕಾಗುತ್ತದೆ. ಇದಕ್ಕೆ ಪರಿಹಾರವಾಗಿ ಹಲವರು ಈಗ ಕಡಿಮೆ ಬೆಲೆಯ ಕೀಪ್ಯಾಡ್ ವ್ಯವಸ್ಥೆಯನ್ನು ಕೊಂಡು ತಾವೇ ಜೋಡಿಸಿಕೊಳ್ಳುತ್ತಿದ್ದಾರೆ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಅಂಕಿಗಳ ಗುಂಡಿಗಳುಳ್ಳ ಕೀಪ್ಯಾಡ್, 12 ವೋಲ್ಟಿನ ಪವರ್ ಸಪ್ಲೈ, ವಿದ್ಯುತ್ತಿನಿಂದ ನಡೆಯುವ ಬೀಗ, ಒಳಗಿನಿಂದ ಹೊರಡುವವರು ಒತ್ತುವ ಒಂದು ಗುಂಡಿ, ಕೀಲಿ ಗೊಂಚಲಿಗೆ ಸಿಕ್ಕಿಸಿಕೊಂಡು ಕೀಪ್ಯಾಡಿನ ಹತ್ತಿರ ಹಿಡಿದರೆ ಬಾಗಿಲು ತೆರೆಯುವಂಥ ಕೆಲವು ಫಾಬ್‌ಗಳು ಇರುತ್ತವೆ. ಜೋಡಣೆ ಕಷ್ಟದ ಕೆಲಸವಲ್ಲ. ಆದರೆ ಗೋಡೆಗೆ ಡ್ರಿಲ್ ಇಡುವ ಮೊದಲೇ ತೀರ್ಮಾನಿಸಬೇಕಾದ ಸಂಗತಿಯೊಂದಿದೆ. ಹೆಚ್ಚಿನವರು ಅದನ್ನು ಯೋಚಿಸುವುದು ಎಲ್ಲ ಮುಗಿದ ಮೇಲೆ, ಮೊದಲ ಸಲ ಕರೆಂಟ್ ಹೋದ ದಿನ.

ಕರೆಂಟ್ ಹೋದಾಗ ಈ ಬಾಗಿಲು ಏನಾಗಬೇಕು? ತೆರೆದುಕೊಳ್ಳಬೇಕೇ, ಮುಚ್ಚಿಯೇ ಇರಬೇಕೇ? ಯಾವ ಬೀಗ ಕೊಳ್ಳಬೇಕು, ತಂತಿಯನ್ನು ಯಾವ ತುದಿಗೆ ಕೂಡಿಸಬೇಕು, ಬ್ಯಾಟರಿ ಬೇಕೋ ಬೇಡವೋ ಎಂಬುದೆಲ್ಲ ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ.

ಅಗ್ಗದ ಕಿಟ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಎರಡು ಬಗೆಯ ಬೀಗಗಳು. ಮೊದಲನೆಯದು ಅಯಸ್ಕಾಂತ ಬೀಗ. ಚೌಕಟ್ಟಿನ ಮೇಲ್ಭಾಗದಲ್ಲಿ ವಿದ್ಯುತ್ಕಾಂತವೊಂದು ಕುಳಿತಿರುತ್ತದೆ. ಕದಕ್ಕೆ ಜೋಡಿಸಿದ ಉಕ್ಕಿನ ಪಟ್ಟಿಯನ್ನು ಅದು ಹಿಡಿದುಕೊಂಡಿರುತ್ತದೆ. ಸಾಮಾನ್ಯ ಗಾತ್ರದ್ದು ಸುಮಾರು 280 ಕಿಲೋಗ್ರಾಂ ಸೆಳೆತವನ್ನು ತಡೆಯಬಲ್ಲದೆಂದು ಅದರ ಮೇಲೆ ಬರೆದಿರುತ್ತದೆ, ಮತ್ತು ಅದಕ್ಕಾಗಿ ಹಗಲೂ ರಾತ್ರಿ ಸುಮಾರು ಅರ್ಧ ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತಲೇ ಇರುತ್ತದೆ. ವಿದ್ಯುತ್ ನಿಂತ ಕ್ಷಣವೇ ಅದು ಕೈಬಿಡುತ್ತದೆ. ಎರಡನೆಯದು ಎಲೆಕ್ಟ್ರಿಕ್ ಸ್ಟ್ರೈಕ್. ಇದು ಕದದಲ್ಲಿರುವ ಮಾಮೂಲಿ ಬೀಗವನ್ನು ಮುಟ್ಟುವುದಿಲ್ಲ. ಬೀಗದ ನಾಲಿಗೆ ಚೌಕಟ್ಟಿನಲ್ಲಿ ಹೋಗಿ ಕೂರುವ ಗೂಡಿನ ಒಂದು ಅಂಚನ್ನು ಮಾತ್ರ ಸಡಿಲಿಸುತ್ತದೆ. ಹೆಚ್ಚಿನ ಸ್ಟ್ರೈಕ್‌ಗಳು ವಿದ್ಯುತ್ತಿಲ್ಲದಾಗ ಮುಚ್ಚಿಯೇ ಇರುತ್ತವೆ, ತೆರೆಯುವ ಕೆಲವೇ ಸೆಕೆಂಡು ಮಾತ್ರ ವಿದ್ಯುತ್ ಬಳಸುತ್ತವೆ. ಒಳಗಿನ ಹಿಡಿಕೆ ತಿರುಗಿಸಿದರೆ ನಾಲಿಗೆ ಹಿಂದೆ ಸರಿಯುವುದರಿಂದ, ಕರೆಂಟ್ ಇರಲಿ ಬಿಡಲಿ, ಒಳಗಿರುವವರು ಹೊರಗೆ ಬರಬಹುದು. ಹೊರಗಿನವರಿಗೆ ಹಳೆಯ ಬೀಗದಕೈ ಇದ್ದೇ ಇರುತ್ತದೆ.

ಮನೆಗೆ, ಚಿಕ್ಕ ಕಚೇರಿಗೆ, ಸಾಮಾನು ಇಡುವ ಕೋಣೆಗೆ ನಾನು ಸ್ಟ್ರೈಕ್ ಅನ್ನೇ ಸೂಚಿಸುತ್ತೇನೆ. ಅಯಸ್ಕಾಂತ ಬೀಗವನ್ನು ಕೂಡಿಸುವುದು ಸುಲಭ, ಚೌಕಟ್ಟನ್ನು ಕೊರೆಯಬೇಕಾಗಿಲ್ಲ ಎಂಬುದು ನಿಜ. ಆದರೆ ಅದರಲ್ಲಿ ಒಳಗಿನವರು ಹೊರಬರುವುದಕ್ಕೂ ವಿದ್ಯುತ್ ಕಡಿದೇ ಆಗಬೇಕು. ಗುಂಡಿ ಕೆಟ್ಟಿತೆಂದರೆ, ಅಥವಾ ಕೀಪ್ಯಾಡ್ ಸ್ತಬ್ಧವಾಯಿತೆಂದರೆ, ಒಳಗೆ ಹೊಗೆ ತುಂಬುತ್ತಿರುವಾಗ ಆ ಬಾಗಿಲು 280 ಕಿಲೋ ಬಲದಿಂದ ಹಿಡಿದುಕೊಂಡೇ ನಿಂತಿರುತ್ತದೆ. ಆದ್ದರಿಂದ ಅಯಸ್ಕಾಂತ ಬೀಗ ಹಾಕುವವರು ಕೀಪ್ಯಾಡಿನ ಹಂಗಿಲ್ಲದೆ ಬೀಗದ ತಂತಿಯನ್ನು ನೇರವಾಗಿ ಕಡಿಯುವ ತುರ್ತು ಸ್ವಿಚ್ಚೊಂದನ್ನು ಬಾಗಿಲ ಪಕ್ಕದಲ್ಲಿ, ಒಳಬದಿಗೆ, ಎಲ್ಲರ ಕಣ್ಣಿಗೆ ಬೀಳುವಂತೆ ಇಡಲೇಬೇಕು. ಕಟ್ಟಡದಿಂದ ಹೊರಹೋಗುವ ದಾರಿಗಳ ವಿಷಯದಲ್ಲಿ ಅಗ್ನಿಸುರಕ್ಷತೆಯ ನಿಯಮಗಳಿರುತ್ತವೆ. ಅನೇಕರು ಬಳಸುವ ಬಾಗಿಲಾದರೆ ಅವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಅಯಸ್ಕಾಂತ ಬೀಗದ ಬಗ್ಗೆ ನನ್ನದೇ ಒಂದು ಮೂರ್ಖತನವನ್ನು ಹೇಳಿಬಿಡುತ್ತೇನೆ. ಮೊದಲ ಸಲ ಜೋಡಿಸಿದಾಗ, ಕದದ ಮೇಲಿನ ಉಕ್ಕಿನ ಪಟ್ಟಿ ಅಲ್ಲಾಡುತ್ತಿದ್ದುದನ್ನು ಕಂಡು, ಇದೇನೋ ಸಡಿಲವಾಗಿದೆ ಎಂದುಕೊಂಡು, ಹಿಂದಿನ ರಬ್ಬರ್ ವಾಷರ್ ತೆಗೆದುಹಾಕಿ ಬೋಲ್ಟನ್ನು ಶಕ್ತಿಯಿದ್ದಷ್ಟು ಬಿಗಿದೆ. ಬಾಗಿಲು ಮುಚ್ಚಿ ಒಂದೇ ಕೈಯಿಂದ ನೂಕಿದರೆ ತೆರೆದುಕೊಂಡಿತು! ಅರ್ಧ ದಿನ ಪವರ್ ಸಪ್ಲೈಯನ್ನು ಶಂಕಿಸಿದೆ. ತಪ್ಪು ಅಲ್ಲಿರಲಿಲ್ಲ. ಪಟ್ಟಿ ತುಸು ಅಲ್ಲಾಡುವಂತಿದ್ದರೆ ಮಾತ್ರ ಅದು ಅಯಸ್ಕಾಂತದ ಮುಖಕ್ಕೆ ತಾನಾಗಿ ಹೊಂದಿಕೊಂಡು ಪೂರ್ತಿ ಅಂಟುತ್ತದೆ. ನಡುವೆ ಕಾಗದದಷ್ಟು ಸಂದು ಉಳಿದರೂ ಹಿಡಿತದ ಬಹುಪಾಲು ಹೋಗಿಬಿಡುತ್ತದೆ. ವಾಷರನ್ನು ಮರಳಿ ಹಾಕಿ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿದ ಮೇಲೆ ಅದೇ ಬಾಗಿಲು ಇಬ್ಬರು ಎಳೆದರೂ ಜಗ್ಗಲಿಲ್ಲ.

ಇನ್ನು ತಂತಿಗಳ ಮಾತು. ಕೀಪ್ಯಾಡಿನ ಒಳಗೆ ರಿಲೇ ಎಂಬ ಪುಟ್ಟ ಸ್ವಿಚ್ಚಿರುತ್ತದೆ. ಸರಿಯಾದ ಅಂಕಿ ಅಥವಾ ಫಾಬ್ ಸಿಕ್ಕಾಗ ‘ಟಕ್’ ಎಂದು ಸದ್ದು ಮಾಡುವುದು ಅದೇ. ಅದಕ್ಕೆ ಮೂರು ತುದಿಗಳು. ಕಾಮ್ ಎಂಬುದು ಸಾಮಾನ್ಯ ತುದಿ. ಎನ್‌ಸಿ ಎಂಬುದು ಎಂದಿನ ಸ್ಥಿತಿಯಲ್ಲಿ ಕಾಮ್‌ಗೆ ಕೂಡಿಕೊಂಡಿರುವುದು. ಎನ್‌ಒ ಎಂಬುದು ಎಂದಿನ ಸ್ಥಿತಿಯಲ್ಲಿ ಬಿಟ್ಟುಕೊಂಡಿರುವುದು. ಅಯಸ್ಕಾಂತ ಬೀಗಕ್ಕೆ ವಿದ್ಯುತ್ ಸದಾ ಹರಿಯುತ್ತಿದ್ದು ತೆರೆಯುವಾಗ ಕಡಿಯಬೇಕಾದ್ದರಿಂದ ಅದನ್ನು ಎನ್‌ಸಿಗೆ ಕೂಡಿಸಬೇಕು. ವಿದ್ಯುತ್ ಕೊಟ್ಟಾಗ ತೆರೆಯುವ ಸ್ಟ್ರೈಕನ್ನು ಎನ್‌ಒಗೆ. ಅದಲುಬದಲಾದರೆ ಬಾಗಿಲು ದಿನವಿಡೀ ತೆರೆದಿದ್ದು, ಅಂಕಿ ಒತ್ತಿದಾಗ ಐದು ಸೆಕೆಂಡು ಮುಚ್ಚಿಕೊಳ್ಳುತ್ತದೆ; ಸದಾ ವಿದ್ಯುತ್ ಹರಿದರೆ ಕೆಲವು ಸ್ಟ್ರೈಕ್‌ಗಳು ಕಾದು ಕೆಡಲೂಬಹುದು. ತಂತಿಗಳ ಬಣ್ಣವನ್ನು ಮಾತ್ರ ನಂಬಬೇಡಿ. ಕೆಂಪು ಮತ್ತು ಕಪ್ಪು ಹೆಚ್ಚುಕಡಿಮೆ ಎಲ್ಲೆಡೆ ಧನ ಋಣಗಳೇ. ಉಳಿದ ಬಣ್ಣಗಳು ಒಂದೊಂದು ಮಾದರಿಯಲ್ಲಿ ಒಂದೊಂದು ಅರ್ಥ ಕೊಡುತ್ತವೆ. ಕೈಪಿಡಿಯ ಚಿತ್ರವನ್ನು ಎದುರಿಗಿಟ್ಟುಕೊಂಡು, ಎಲ್ಲವನ್ನೂ ಮೊದಲು ಮೇಜಿನ ಮೇಲೆ ಹರಡಿ ಜೋಡಿಸಿ, ನಾಲ್ಕಾರು ಬಾರಿ ತೆರೆದು ಮುಚ್ಚಿ ನೋಡಿ, ಆಮೇಲೆ ಗೋಡೆಯ ಕಡೆಗೆ ಹೋಗಬೇಕು. ಏಣಿಯ ಮೇಲೆ ನಿಂತು ಕತ್ತೆತ್ತಿ ತಪ್ಪು ಹುಡುಕುವುದಕ್ಕಿಂತ ಕುರ್ಚಿಯಲ್ಲಿ ಕುಳಿತು ಹುಡುಕುವುದು ಮೇಲು.

ಕಿಟ್‌ನೊಂದಿಗೆ ಕಪ್ಪು ಬಣ್ಣದ, ಒಂದು ತುದಿಯಲ್ಲಿ ಬಿಳಿ ಗೆರೆಯಿರುವ ಚಿಕ್ಕ ಡಯೋಡ್, ಎಂದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ, ಬಂದಿದ್ದರೆ ಅದನ್ನು ಎಸೆಯಬೇಡಿ. ಬರದಿದ್ದರೆ 1ಎನ್4007 ಎಂಬುದನ್ನು ತಂದುಕೊಳ್ಳಿ. ಬೀಗದೊಳಗಿರುವುದು ತಾಮ್ರದ ಸುರುಳಿ. ಅದರ ವಿದ್ಯುತ್ತನ್ನು ಥಟ್ಟನೆ ಕಡಿದಾಗ ಕ್ಷಣಕಾಲ ಹಿಮ್ಮುಖವಾಗಿ ಭಾರಿ ವೋಲ್ಟೇಜು ಚಿಮ್ಮುತ್ತದೆ. ಅದು ರಿಲೇಯ ತುದಿಗಳನ್ನು ಸುಡುತ್ತದೆ, ಕೆಲವೊಮ್ಮೆ ಕೀಪ್ಯಾಡನ್ನೇ ಮರುಚಾಲನೆಗೆ ತಳ್ಳುತ್ತದೆ. ಡಯೋಡನ್ನು ಬೀಗದ ಎರಡು ತುದಿಗಳ ನಡುವೆ, ಬೀಗದ ಹತ್ತಿರವೇ, ಬಿಳಿ ಗೆರೆಯ ಕಡೆ ಧನ ತಂತಿಗೆ ಬರುವಂತೆ ಕೂಡಿಸಿದರೆ ಆ ಚಿಮ್ಮುವಿಕೆ ಅಲ್ಲಲ್ಲೇ ಸುತ್ತಿ ಅಡಗುತ್ತದೆ. ತಿರುಗುಮುರುಗಾಗಿ ಹಾಕಿದರೆ ಮಾತ್ರ ನೇರ ಶಾರ್ಟ್ ಸರ್ಕ್ಯೂಟ್. ಈ ಉಪಾಯ ಡಿಸಿ, ಎಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಿನ ಬೀಗಕ್ಕಷ್ಟೇ ಸಲ್ಲುತ್ತದೆ.

ತಂತಿಯ ದಪ್ಪವನ್ನೂ ಲೆಕ್ಕ ಹಾಕಬೇಕು. ಪವರ್ ಸಪ್ಲೈಯಿಂದ ಬೀಗಕ್ಕೆ 15 ಮೀಟರ್ ದೂರವಿದ್ದರೆ ಹೋಗಿಬರುವ ದಾರಿ 30 ಮೀಟರ್. ಟೆಲಿಫೋನಿಗೆ ಬಳಸುವಂಥ 0.2 ಚದರ ಮಿಲಿಮೀಟರಿನ ಸಣ್ಣ ತಾಮ್ರದ ತಂತಿಯಲ್ಲಿ ಅರ್ಧ ಆಂಪಿಯರ್ ಹರಿದರೆ ಸುಮಾರು 1.3 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. 1 ಚದರ ಮಿಲಿಮೀಟರಿನದರಲ್ಲಿ ಕಾಲು ವೋಲ್ಟ್ ಮಾತ್ರ. ಬೀಗ ‘ಗುರ್’ ಎಂದು ಸದ್ದು ಮಾಡಿಯೂ ತೆರೆಯದೆ ಹೋದರೆ ಮಲ್ಟಿಮೀಟರನ್ನು ಬೀಗದ ತುದಿಗಳಿಗೇ ಹಿಡಿದು, ಬೀಗ ಕೆಲಸ ಮಾಡುತ್ತಿರುವಾಗಲೇ ಅಳೆದು ನೋಡಿ. ಪವರ್ ಸಪ್ಲೈ 3 ಆಂಪಿಯರಿನದಾದರೆ ಒಂದು ಬಾಗಿಲಿಗೆ ಧಾರಾಳ. ಅದಕ್ಕೆ ಮನೆಯ ಮುಖ್ಯ ವಿದ್ಯುತ್ತನ್ನು ಕೊಡುವ ಕೆಲಸವನ್ನು ಬಲ್ಲ ಎಲೆಕ್ಟ್ರಿಷಿಯನ್‌ಗೇ ಬಿಡಿ.

ಈಗ ಅಗ್ಗದ ಕಿಟ್‌ಗಳ ನಿಜವಾದ ದೌರ್ಬಲ್ಯಕ್ಕೆ ಬರೋಣ. ಕೀಪ್ಯಾಡ್ ಇರುವುದು ಬಾಗಿಲ ಹೊರಗೆ, ಅಪರಿಚಿತರ ಕೈಗೆಟಕುವಂತೆ. ಬೀಗವನ್ನು ತೆರೆಯುವ ರಿಲೇ ಇರುವುದೂ ಅದರ ಒಳಗೇ. ಕೆಳಗಿನ ಒಂದು ಸ್ಕ್ರೂ ಬಿಚ್ಚಿ ಮುಂಭಾಗವನ್ನು ಕಳಚಿದವನಿಗೆ ಅಂಕಿಯೂ ಬೇಡ, ಫಾಬೂ ಬೇಡ: ಸ್ಟ್ರೈಕ್ ಆದರೆ ಎರಡು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿದರೆ ಸಾಕು, ಅಯಸ್ಕಾಂತವಾದರೆ ಒಂದನ್ನು ಕತ್ತರಿಸಿದರೆ ಸಾಕು. ಪವರ್ ಸಪ್ಲೈಯಲ್ಲೇ ರಿಲೇ ಇರುವ ಮಾದರಿಯಿದ್ದರೆ ಭಯವಿಲ್ಲ ಎಂದು ಕೆಲವರು ಹೇಳುವುದುಂಟು. ಒಳಗಿರುವ ಆ ರಿಲೇಯನ್ನು ನಡೆಸುವುದೂ ಕೀಪ್ಯಾಡಿನಿಂದ ಬಂದ ಎರಡು ತಂತಿಗಳ ಮುಟ್ಟುವಿಕೆಯೇ ಆದರೆ ಸುರಕ್ಷತೆ ಎಳ್ಳಷ್ಟೂ ಹೆಚ್ಚಲಿಲ್ಲ. ಸರಿಯಾದ ದಾರಿಯೆಂದರೆ ತೀರ್ಮಾನಿಸುವ ಭಾಗವನ್ನೇ ಒಳಗೆ ತರುವುದು. ಅಗ್ಗದ ಕೀಪ್ಯಾಡ್‌ಗಳಲ್ಲಿಯೂ ಅನೇಕಕ್ಕೆ ವೀಗಂಡ್ ಎಂಬ ಹೊರದಾರಿ ಇರುತ್ತದೆ. ಆಗ ಅದು ಬರಿಯ ಓದುಗನಾಗಿ, ತಾನು ಕಂಡ ಸಂಖ್ಯೆಯನ್ನು ಎರಡು ತಂತಿಗಳ ಮೂಲಕ, ಸಾಮಾನ್ಯವಾಗಿ 26 ಬಿಟ್‌ಗಳಲ್ಲಿ, ಒಳಗಿನ ಚಿಕ್ಕ ನಿಯಂತ್ರಕಕ್ಕೆ ಹೇಳುತ್ತದೆ, ಬೀಗ ತೆಗೆಯುವುದು ಆ ನಿಯಂತ್ರಕ. ಆ ಮಾತುಕತೆಗೆ ಗೂಢಲಿಪಿಯಿಲ್ಲ, ಕುಶಲನಾದವನು ಕದ್ದು ಕೇಳಬಲ್ಲ. ಆದರೂ ದಾರಿಹೋಕನೊಬ್ಬ ಸ್ಕ್ರೂಡ್ರೈವರಿನಿಂದ ಬಾಗಿಲು ತೆರೆಯುವುದಂತೂ ತಪ್ಪುತ್ತದೆ. ಕಿಟ್‌ಗೆ ಇನ್ನೇನಾದರೂ ಸೇರಿಸಿ ಕೊಳ್ಳುವುದಿದ್ದರೆ ಮೊದಲು ಈ ನಿಯಂತ್ರಕವನ್ನು ಕೊಳ್ಳಿ ಎಂಬುದು ನನ್ನ ಸಲಹೆ.

ಕೆಟ್ಟುಹೋದ ಫಾಬ್ ಒಂದನ್ನು ನಾನು ಚಾಕುವಿನಿಂದ ಬಿಡಿಸಿ ನೋಡಿದ್ದೇನೆ. ಒಳಗೆ ಕೂದಲಿಗಿಂತ ನವುರಾದ ತಾಮ್ರದ ತಂತಿಯ ನೂರಾರು ಸುತ್ತು, ಅದರ ಎರಡು ತುದಿಗಳಿಗೆ ಅಂಟಿಕೊಂಡ ಎಳ್ಳಿನಂಥ ಚಿಪ್, ಅಷ್ಟೇ; ಬ್ಯಾಟರಿ ಇಲ್ಲ. ಕೀಪ್ಯಾಡ್ ತನ್ನ ಸುತ್ತ 125 ಕಿಲೋಹರ್ಟ್ಸ್ ಕಂಪನದ ಕಾಂತಕ್ಷೇತ್ರವನ್ನು ಹರಡಿರುತ್ತದೆ. ಕೆಲವು ಸೆಂಟಿಮೀಟರ್ ಹತ್ತಿರ ಬಂದಾಗ ಆ ಕ್ಷೇತ್ರದಿಂದಲೇ ಫಾಬ್‌ನ ಚಿಪ್ ಎಚ್ಚೆತ್ತು ತನ್ನ ಸಂಖ್ಯೆಯನ್ನು ಕೂಗುತ್ತದೆ. ಕೇಳಿದ ಯಾರಿಗಾದರೂ ಕೂಗುತ್ತದೆ ಎಂಬುದೇ ಇದರ ಕೊರತೆ: ಈ ಬಗೆಯ ಫಾಬನ್ನು ಅಂಗೈಯಗಲದ ಯಂತ್ರವೊಂದು ಕ್ಷಣಗಳಲ್ಲಿ ನಕಲು ಮಾಡಬಲ್ಲದು. 13.56 ಮೆಗಾಹರ್ಟ್ಸ್‌ನ ಫಾಬ್‌ಗಳಲ್ಲಿ ಗೂಢಲಿಪಿಯುಳ್ಳವು ಸಿಗುತ್ತವೆ, ಆದರೆ ಅಗ್ಗದ ಕೀಪ್ಯಾಡ್‌ಗಳು ಅವುಗಳಲ್ಲಿಯೂ ಬರಿಯ ಕ್ರಮಸಂಖ್ಯೆಯನ್ನಷ್ಟೇ ಓದಿ ಸುಮ್ಮನಾಗುವುದುಂಟು. ಮುಖ್ಯವಾದ ಬಾಗಿಲಿಗೆ ಫಾಬ್ ಹಾಗೂ ಅಂಕಿ ಎರಡನ್ನೂ ಕೇಳುವ ಕ್ರಮವನ್ನು ಆರಿಸಿಕೊಳ್ಳಬಹುದು. ಇನ್ನೊಂದು ಮಾತು, ಓದುವ ಸಾಧನವನ್ನು ಲೋಹದ ಹಲಗೆಯ ಮೇಲೆ ನೇರವಾಗಿ ಕೂರಿಸಿದರೆ ಅದರ ದೃಷ್ಟಿ ಮಂದವಾಗುತ್ತದೆ. ನಡುವೆ ಪ್ಲಾಸ್ಟಿಕ್ಕಿನ ಬಿಲ್ಲೆಯೊಂದನ್ನು ಇಡಬೇಕು. ಮಳೆ ತಾಗುವ ಕಡೆ, ಧೂಳು ನೀರುಗಳನ್ನು ತಡೆಯುವ ಶಕ್ತಿಯನ್ನು ಸೂಚಿಸುವ ಐಪಿ65 ಅಥವಾ ಅದಕ್ಕೂ ಮೇಲ್ಪಟ್ಟ ದರ್ಜೆಯದು ಬೇಕು.

ಅಂಕಿಗಳ ವಿಷಯ. ನಾಲ್ಕು ಅಂಕಿಯ ಸಂಕೇತ ಎಂದರೆ 10,000 ಸಾಧ್ಯತೆಗಳು, ಕೇಳಲು ದೊಡ್ಡದೇ. ಆದರೆ ಎಲ್ಲರೂ ಒಂದೇ ಸಂಕೇತ ಬಳಸುತ್ತಿದ್ದರೆ ವರ್ಷದೊಳಗೆ ಆ ನಾಲ್ಕು ಗುಂಡಿಗಳು ಮಾತ್ರ ಸವೆದು ಮಿನುಗತೊಡಗುತ್ತವೆ. ನೋಡಿದವನಿಗೆ ಉಳಿಯುವುದು 24 ಸಾಧ್ಯತೆಗಳು. ವಿಚಿತ್ರವೆಂದರೆ ಒಂದು ಅಂಕಿಯನ್ನು ಎರಡು ಬಾರಿ ಬಳಸಿದರೆ, ಸವೆದ ಗುಂಡಿ ಮೂರೇ ಆದರೂ, ಸಾಧ್ಯತೆಗಳು 36 ಆಗುತ್ತವೆ. ಆಗಾಗ ಸಂಕೇತ ಬದಲಿಸುವುದು, ಒಬ್ಬೊಬ್ಬರಿಗೂ ಬೇರೆ ಬೇರೆ ಸಂಕೇತ ಕೊಡುವುದು ಅದಕ್ಕಿಂತ ಉತ್ತಮ. ಎಲ್ಲಕ್ಕೂ ಮೊದಲು ಕಾರ್ಖಾನೆಯಿಂದ ಬಂದ ಮಾಸ್ಟರ್ ಕೋಡನ್ನು, ಎಂದರೆ ಸಂಕೇತ ಫಾಬ್‌ಗಳನ್ನು ಸೇರಿಸಲು ಅಳಿಸಲು ಬಳಸುವ ಸಂಖ್ಯೆಯನ್ನು, ಬದಲಿಸಿ. ಅದು 123456, 999999 ಇಂಥದ್ದೇನೋ ಆಗಿರುತ್ತದೆ, ಕೈಪಿಡಿ ಓದಿದ ಎಲ್ಲರಿಗೂ ಗೊತ್ತು.

ಫಾಬ್ ಹಂಚುವಾಗ ಒಂದು ಪುಸ್ತಕ ಇಡಿ. ಕೀಪ್ಯಾಡಿನ ನೆನಪಿನ ಯಾವ ಸ್ಥಾನಸಂಖ್ಯೆಯಲ್ಲಿ ಯಾವ ಫಾಬ್, ಅದರ ಮೈಮೇಲೆ ಅಚ್ಚಾದ ಸಂಖ್ಯೆ ಏನು, ಅದು ಯಾರ ಕೈಯಲ್ಲಿದೆ ಎಂದು ಬರೆದಿರಬೇಕು. ಕಳೆದುಹೋದ ಫಾಬನ್ನು ಅಳಿಸಲು ಅದನ್ನೇ ತಂದು ಹಿಡಿಯಲಾಗುವುದಿಲ್ಲವಲ್ಲ. ಸ್ಥಾನಸಂಖ್ಯೆ ಗೊತ್ತಿಲ್ಲದಿದ್ದರೆ ಎಲ್ಲರದ್ದನ್ನೂ ಅಳಿಸಿ ಮತ್ತೆ ಮೊದಲಿನಿಂದ ಸೇರಿಸಬೇಕಾಗುತ್ತದೆ. ಬೀಗದಕೈಯ ಯಾವ ತಾಪತ್ರಯದಿಂದ ಪಾರಾಗಲು ಇಷ್ಟೆಲ್ಲ ಮಾಡಿದೆವೋ ಅದೇ ಮರಳಿ ಬಂದಂತೆ.

ಕಡೆಯ ಕೆಲಸ, ಮೇನ್ ಸ್ವಿಚ್ಚನ್ನು ಆರಿಸಿ ನೋಡುವುದು. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ ಇಟ್ಟಿದ್ದರೆ, ಅಯಸ್ಕಾಂತ ಬೀಗ ಮತ್ತು ಕೀಪ್ಯಾಡ್ ಸೇರಿ 0.6 ಆಂಪಿಯರ್ ಎಳೆಯುವಾಗ, ಕಾಗದದ ಲೆಕ್ಕದಲ್ಲಿ ಹನ್ನೊಂದು ಗಂಟೆಗೂ ಹೆಚ್ಚು, ವಾಸ್ತವದಲ್ಲಿ ಅದಕ್ಕಿಂತ ಕಡಿಮೆ ಬರುತ್ತದೆ. ಸ್ಟ್ರೈಕ್ ಆದರೆ ಸುಮ್ಮನಿರುವಾಗ ಏನನ್ನೂ ಎಳೆಯದ ಕಾರಣ ಹಲವು ಪಟ್ಟು ಹೆಚ್ಚು ಬಾಳುತ್ತದೆ. ಆಮೇಲೆ ಬ್ಯಾಟರಿಯ ತಂತಿಯನ್ನೂ ಬಿಚ್ಚಿ, ಮೊದಲೇ ತೀರ್ಮಾನಿಸಿದಂತೆ ಬಾಗಿಲು ತೆರೆದುಕೊಂಡಿತೇ, ಮುಚ್ಚಿಯೇ ಇದ್ದಿತೇ ಎಂದು ಪರೀಕ್ಷಿಸಬೇಕು. ಈ ಪರೀಕ್ಷೆಗೆ ನಾನು ಒಳಗೊಬ್ಬರನ್ನು ನಿಲ್ಲಿಸಿ ಹೊರಗೆ ನಿಲ್ಲುತ್ತೇನೆ. ಹಳೆಯ ಬೀಗದಕೈಯನ್ನು ಮಾತ್ರ ಮರೆಯದೆ ಜೇಬಿಗೆ ಹಾಕಿಕೊಂಡಿರುತ್ತೇನೆ.

ನಮಸ್ಕಾರ.