ನಿಮ್ಮ ಚೀಟಿ ಎಲ್ಲಿ?

ಕೇಳುಗರಿಗೆ ನಮಸ್ಕಾರ.

ಹಳೆ ವಿದ್ಯಾರ್ಥಿಗಳ ವೃತ್ತಿ ಮತ್ತು ಬದುಕಿನ ಸಮಾಚಾರವನ್ನು ಒಂದು ಕಾಲೇಜು ಏಕೆ ಕೂಡಿಡಬೇಕು ಎಂಬ ವಿಷಯವಾಗಿ ಹದಿನೈದು ನಿಮಿಷ ಮಾತನಾಡಬೇಕೆಂದು ಆಕಾಶವಾಣಿಯವರು ನನ್ನನ್ನು ಕೇಳಿಕೊಂಡಿದ್ದಾರೆ. ವಿಷಯ ಉದ್ದವಾಗಿದೆ, ನನಗೆ ಹೇಳಲಿಕ್ಕಿರುವುದು ಮಾತ್ರ ಚಿಕ್ಕದು. ನೀವು ಓದಿದ ಕಾಲೇಜಿಗೆ ನಿಮ್ಮ ಸುದ್ದಿಯನ್ನು ಮೂರು ಸಾಲಿನ ಒಂದು ಚೀಟಿಯಲ್ಲಿ ಬರೆದು ಕಳಿಸಿ. ನಿಮ್ಮ ಗಂಡ, ಮಗ, ನೆರೆಮನೆಯವರು ಬರೆಯುವುದು ಬೇಡ, ನೀವೇ ಬರೆಯಿರಿ. ಮುಂದೆ ನಾನು ಏನೇ ಹೇಳಿದರೂ ಸುತ್ತಿ ಬಳಸಿ ಇಲ್ಲಿಗೇ ಬರುತ್ತೇನೆ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ.

ಮಂಗಳೂರಿನಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಒಂದು ಚಿಕ್ಕ ಕಾಲೇಜಿನಲ್ಲಿ ನಾನು 31 ವರ್ಷ ಕನ್ನಡ ಕಲಿಸಿದೆ. ಅದರಲ್ಲಿ ಕೊನೆಯ 22 ವರ್ಷ, ಮತ್ತು ನಿವೃತ್ತಿಯಾದ ಮೇಲೆ ಇಂದಿನವರೆಗೂ, ಕಾಲೇಜಿನ ವಾರ್ತಾಪತ್ರದಲ್ಲಿ 'ಹಳೆ ವಿದ್ಯಾರ್ಥಿನಿಯರ ಸಮಾಚಾರ' ಎಂಬ ಎರಡು ಪುಟಗಳನ್ನು ಸಿದ್ಧಪಡಿಸುವ ಕೆಲಸ ನನ್ನದು. ಬೆಳಗಿನ ಈ ಹೊತ್ತಿಗೆ ರೇಡಿಯೋ ಹಾಕಿಕೊಂಡು ಕುಳಿತವರು ಯಾರೆಂದು ನನಗೆ ಚೆನ್ನಾಗಿ ಗೊತ್ತಿದೆ. ಮಧ್ಯಾಹ್ನದ ಸಾರಿಗೆ ಕಾಯಿ ತುರಿಯುತ್ತಿರುವವರು, ತಡ್ಪೆಯನ್ನು, ಅಂದರೆ ಮೊರವನ್ನು, ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿರುವವರು, ಹೊಲಿಗೆ ಯಂತ್ರದ ಮುಂದೆ ಕುಳಿತವರು, ಗಿರಾಕಿ ಬರುವವರೆಗೆ ಅಂಗಡಿ ಕಾಯುತ್ತಿರುವವರು. ನಿಮ್ಮಲ್ಲಿ ಬಹಳ ಮಂದಿ ಪದವೀಧರರು ಎಂಬುದೂ ನನಗೆ ಗೊತ್ತಿದೆ. ನನ್ನ ಮಾತು ನಿಮಗೇ ಹೊರತು, ಪ್ರತಿವರ್ಷ ತಪ್ಪದೆ ಬಡ್ತಿಯ ಸುದ್ದಿ ಕಳಿಸುವವರಿಗಲ್ಲ.

ಈ ಊರಿನಲ್ಲಿ ಕಲಿತವರ ಸಂಖ್ಯೆ ದೊಡ್ಡದಿರುವುದಕ್ಕೆ ಕಾರಣ ಉಂಟು. ಕಾರ್ಮೆಲ್ ಸಭೆಯ ಭಗಿನಿಯರು ಹಡಗಿನಲ್ಲಿ ಇಲ್ಲಿಗೆ ಬಂದದ್ದು 1870ರಲ್ಲಿ. ಇಟಲಿಯ ಜೆಸ್ವಿಟ್ ಪಾದ್ರಿಗಳು 1878ರ ಕೊನೆಗೆ ಬಂದಿಳಿದು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಹೆಣ್ಣುಮಕ್ಕಳಿಗೆಂದು ಸಂತ ಆಗ್ನೆಸ್ ಕಾಲೇಜು 1921ರಲ್ಲಿ ತೆರೆಯಿತು; ಸಮಾಜಕಾರ್ಯ ಕಲಿಸಲು ರೋಶನಿ ನಿಲಯ 1960ರಲ್ಲಿ ಬಂತು. ಅಲೋಶಿಯಸ್ 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವೂ ಆಯಿತು. ನಮ್ಮದು ಆ ಸಾಲಿನಲ್ಲಿ ನಿಲ್ಲುವ ಸಂಸ್ಥೆಯಲ್ಲ. ಒಂದು ಕಟ್ಟಡ, ಒಂದು ಪ್ರಾರ್ಥನಾಲಯ, ಒಂದು ಹಲಸಿನ ಮರ, ಇಷ್ಟೇ. ಆದರೆ ಎಲ್ಲ ಕಡೆ ಹಾಜರಿ ಪುಸ್ತಕ ಒಂದೇ ರೀತಿಯದು: ಡಿಸೋಜ, ಲೋಬೊಗಳ ನಡುವೆ ಶೆಟ್ಟಿ, ಪೂಜಾರಿ, ಕೋಟ್ಯಾನ್, ಭಟ್, ಬಾನು. ಕೆಥೋಲಿಕ ಕಾಲೇಜಿನ ಹಳೆ ವಿದ್ಯಾರ್ಥಿಗಳ ಪಟ್ಟಿಯೆಂದರೆ ಚರ್ಚಿನ ಕುಟುಂಬಗಳ ಪಟ್ಟಿ ಎಂದು ತಿಳಿದಿರುವವರು ಒಮ್ಮೆ ಆ ಪುಸ್ತಕವನ್ನು ತೆರೆದು ನೋಡಬೇಕು.

ಆ ಎರಡು ಪುಟಗಳನ್ನು ವರ್ಷಗಟ್ಟಲೆ ಜೋಡಿಸುತ್ತಾ ಬಂದವರಿಗೆ ಜಿಲ್ಲೆಯ ಚರಿತ್ರೆಯನ್ನು ಬೇರೆ ಓದಬೇಕಾಗಿಲ್ಲ. ಹಳೆಯ ತಂಡಗಳವರು ಶಿಕ್ಷಕಿಯರಾದರು, ಇಲ್ಲವೇ ಕಾನ್ವೆಂಟು ಸೇರಿದರು. ಆಮೇಲಿನವರು ಸಾಲುಸಾಲಾಗಿ ಬ್ಯಾಂಕಿಗೆ ಹೋದರು. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ, ಐದೂ ಈ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಹುಟ್ಟಿದ ಬ್ಯಾಂಕುಗಳಾಗಿದ್ದಾಗ ಬೇರೆಲ್ಲಿಗೆ ಹೋಗುತ್ತಾರೆ? ಅವುಗಳಲ್ಲಿ ಮೂರರ ಹೆಸರು ಈಗ ಫಲಕದ ಮೇಲಿಲ್ಲ. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು, ಮರುವರ್ಷ ಸಿಂಡಿಕೇಟ್ ಕೆನರಾದಲ್ಲಿಯೂ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ನಮ್ಮ ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಳು: 'ವಿಜಯಾ ಬ್ಯಾಂಕಿಗೆ ಸೇರಿದೆ, ಬ್ಯಾಂಕ್ ಆಫ್ ಬರೋಡಾದಿಂದ ನಿವೃತ್ತಳಾದೆ, ಕುರ್ಚಿ ಬದಲಾಗಲಿಲ್ಲ.' ಬ್ಯಾಂಕಿನ ನಂತರ ಕೊಲ್ಲಿ ರಾಷ್ಟ್ರಗಳು, ನರ್ಸಿಂಗ್, ಇಸ್ರೇಲಿನಲ್ಲಿ ವೃದ್ಧರ ಆರೈಕೆ, ಬೆಂಗಳೂರಿನ ಸಾಫ್ಟ್‌ವೇರ್, ಈಗ ಕೆನಡಾ. ಪದವಿ ಪತ್ರದ ಮೇಲಿನ ಮುದ್ರೆಯೂ ಹಾಗೆಯೇ: ಈ ಊರಿನ ಕಾಲೇಜುಗಳಲ್ಲಿ ಅಜ್ಜಿಯರಿಗೆ ಮದ್ರಾಸ್ ವಿಶ್ವವಿದ್ಯಾಲಯದ್ದು, ತಾಯಂದಿರಿಗೆ ಮೈಸೂರಿನದು, 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಬಂದವರಿಗೆ ಅದರದ್ದು.

ಈಚೆಗೆ ಕಾಲೇಜುಗಳಿಗೆ ಹಳೆ ವಿದ್ಯಾರ್ಥಿಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹೆಚ್ಚಿದೆ. ಕಾರಣವನ್ನು ಮುಚ್ಚಿಡುವುದು ಬೇಡ. ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದ ಐದನೆಯ ಮಾನದಂಡದಲ್ಲಿ ವಿದ್ಯಾರ್ಥಿಗಳು ಮುಂದೆ ಏನಾದರು ಎಂಬ ಪ್ರಶ್ನೆಯೂ ಹಳೆ ವಿದ್ಯಾರ್ಥಿಗಳ ತೊಡಗಿಕೊಳ್ಳುವಿಕೆಯ ಪ್ರಶ್ನೆಯೂ ಇವೆ. ಆದುದರಿಂದ ಕಚೇರಿಯವರು ಒಂದು ನಮೂನೆಯನ್ನು ಕಳಿಸುತ್ತಾರೆ. ಅದರಲ್ಲಿ ಉನ್ನತ ವ್ಯಾಸಂಗಕ್ಕೆ ಒಂದು ಅಂಕಣ, ಉದ್ಯೋಗಕ್ಕೆ ಒಂದು, ಸಂಬಳಕ್ಕೆ ಒಂದು. ಅತ್ತೆಯನ್ನು ಹತ್ತು ವರ್ಷ ಹಾಸಿಗೆಯಲ್ಲಿ ನೋಡಿಕೊಂಡವಳು, ತೀರಿಹೋದ ಗಂಡನ ಸಾಲವನ್ನು ಕೋಳಿ ಸಾಕಿ ತೀರಿಸಿದವಳು ಯಾವ ಅಂಕಣದಲ್ಲಿ ಬರೆಯಬೇಕು? ನಾನು ಕೇಳಿದೆ. 'ಇತರೆ ಎಂದು ಹಾಕಿ ಮೇಡಂ' ಎಂದರು. ನನ್ನ ವಿದ್ಯಾರ್ಥಿನಿಯರಲ್ಲಿ ಅರ್ಧಕ್ಕರ್ಧ ಇತರೆ! ನಮೂನೆ ಅವರಿಗಿರಲಿ, ಚೀಟಿ ನನಗೆ ಬೇಕು.

ಚೀಟಿ ಕೇಳಿದರೆ ಬರುವ ಉತ್ತರ ಈ ಜಿಲ್ಲೆಯಲ್ಲೆಲ್ಲಾ ಒಂದೇ. 'ಎಂತ ಬರೆಯುವುದು ಟೀಚರ್, ಬರೆಯುವಂಥದ್ದು ಎಂತ ಉಂಟು ನನ್ನದು?' ಈ ಮಾತನ್ನು ಮೀನು ಮಾರುಕಟ್ಟೆಯಲ್ಲಿ ಕೇಳಿದ್ದೇನೆ, ಮದುವೆ ಹಾಲಿನಲ್ಲಿ ಕೇಳಿದ್ದೇನೆ, ಹೊಸ ತೆನೆಯ ಮೊಂತಿ ಹಬ್ಬದ ದಿನ ಚರ್ಚಿನ ಅಂಗಳದಲ್ಲಿ ತೆನೆ ಹಿಡಿದು ನಿಂತಾಗಲೂ ಕೇಳಿದ್ದೇನೆ. ಈ ಮಾತಿನ ಮೇಲೆ ನನಗೆ ಸಿಟ್ಟು ಬರುತ್ತದೆ ಎಂಬುದನ್ನು ರೇಡಿಯೋದಲ್ಲಿ ಸೌಮ್ಯವಾಗಿ ಹೇಳುತ್ತಿದ್ದೇನೆ. ಸಿಟ್ಟು ಏಕೆಂದು ತಿಳಿಯಬೇಕಾದರೆ ಒಂದು ಇನ್‌ಲ್ಯಾಂಡ್ ಪತ್ರದ ಸಂಗತಿಯನ್ನು ಹೇಳಬೇಕು.

2006ರ ಮಳೆಗಾಲದಲ್ಲಿ ಆ ನೀಲಿ ಪತ್ರ ಬಂತು. ಬರೆದವಳು 1988ರ ಬಿ.ಕಾಂ. ತಂಡದವಳು. ಹೆಸರು ಓದಿದಾಗ ನನಗೆ ಮುಖಕ್ಕಿಂತ ಮೊದಲು ಕೈ ನೆನಪಾಯಿತು. ಕೊನೆಯ ಬೆಂಚಿನಲ್ಲಿ ಕುಳಿತು ಕೈಗಳನ್ನು ಯಾವಾಗಲೂ ಡೆಸ್ಕಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ ಹುಡುಗಿ ಅವಳು. ಬೆಳಿಗ್ಗೆ ಬಸ್ಸಿಗೆ ಮೊದಲು ತಾಯಿಯ ಜೊತೆ ಕುಳಿತು ಬೀಡಿ ಕಟ್ಟಿ ಬರುತ್ತಿದ್ದಳು. ಅವಳ ಫೀಸು ಅದರಿಂದಲೇ ಆಗುತ್ತಿತ್ತು. ಬೆರಳ ತುದಿಯಿಂದ ಹೊಗೆಸೊಪ್ಪಿನ ವಾಸನೆ ಸಾಬೂನು ಹಾಕಿದರೂ ಹೋಗುವುದಿಲ್ಲ ಎಂದು ಒಮ್ಮೆ ಹೇಳಿದ್ದಳು. ಪತ್ರದಲ್ಲಿ ಅವಳು ಬರೆದದ್ದು ಹೀಗೆ: ಬ್ಯಾಂಕ್ ಪರೀಕ್ಷೆ ಎರಡು ಸಲ ಬರೆದೆ, ಸಿಗಲಿಲ್ಲ. ಮದುವೆಯಾಗಿ ಕಿನ್ನಿಗೋಳಿಯ ಕಡೆಗೆ ಬಂದೆ. ಇಲ್ಲಿಯೂ ಬೀಡಿ ಕಟ್ಟುತ್ತೇನೆ. ಜೊತೆಗೆ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಡಲು ಬರುವ ಹೆಂಗಸರಿಗೆ ಭವಿಷ್ಯನಿಧಿಯ ಫಾರ್ಮುಗಳನ್ನೂ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗಳನ್ನೂ ತುಂಬಿಸಿ ಕೊಡುತ್ತೇನೆ. ಒಂದು ಕಡೆ ಲಲಿತಾ, ಇನ್ನೊಂದು ಕಡೆ ಲಲಿತ ಎಂದಿದ್ದರೆ ಹಣ ಬರುವುದಿಲ್ಲ, ಅಂಥದ್ದನ್ನು ಸರಿಪಡಿಸುವುದೇ ದೊಡ್ಡ ಕೆಲಸ. ಇದುವರೆಗೆ 116 ಫಾರ್ಮು ಆಗಿದೆ. ಇದು ಹಾಕುವಂಥ ಸುದ್ದಿ ಅಲ್ಲವೆಂದಾದರೆ ಹಾಕುವುದು ಬೇಡ, ನೀವು ಓದಿದರೆ ಸಾಕು.

ನಾನು ಹಾಕಲಿಲ್ಲ. ಆ ಸಂಚಿಕೆಗೆ ಒಬ್ಬರ ಪ್ರಶಸ್ತಿಯ ಚಿತ್ರವೂ ಇನ್ನೊಬ್ಬರ ನಾಲ್ಕು ಪುಟದ ಬಯೋಡೇಟಾದ ಸಾರಾಂಶವೂ ಬಂದಿದ್ದವು, ಸ್ಥಳ ಸಾಲಲಿಲ್ಲ. ಪತ್ರವನ್ನು ಹಾಜರಿ ಪುಸ್ತಕವೊಂದರ ನಡುವೆ ಇಟ್ಟು ಮರೆತೆ. ಮರುವರ್ಷ ಸುಣ್ಣ ಬಳಿಯಲೆಂದು ಕಪಾಟು ಸರಿಸಿದಾಗ ಅದು ಕೆಳಗೆ ಬಿತ್ತು. ಆ ದಿನ ನನಗಾದ ನಾಚಿಕೆಯನ್ನು ವರ್ಣಿಸುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಹಾಕಿದೆ.

ಪತ್ರಿಕೆ ಅಂಚೆಗೆ ಬಿದ್ದ ಎರಡನೆಯ ವಾರ ಮಸ್ಕತ್ತಿನಿಂದ ಫೋನು ಬಂತು. ಅದೇ ತಂಡದವಳು, ಹತ್ತೊಂಬತ್ತು ವರ್ಷಗಳಿಂದ ಗೆಳತಿಯನ್ನು ಹುಡುಕುತ್ತಿದ್ದವಳು. ಬಳಿಕ ಮೂವರು ಬರೆದರು. ಮೂವರ ಪತ್ರವೂ ಒಂದೇ ರೀತಿ ಆರಂಭವಾಗುತ್ತಿತ್ತು: 'ಇಂಥದ್ದನ್ನೂ ಹಾಕುತ್ತೀರೆಂದು ಗೊತ್ತಿರಲಿಲ್ಲ.' ಒಬ್ಬಳು ಸುರತ್ಕಲ್ಲಿನಲ್ಲಿ ಟೈಲರಿಂಗ್ ಮಾಡುತ್ತಿದ್ದಳು, ಇನ್ನೊಬ್ಬಳು ಅಂಗನವಾಡಿಯಲ್ಲಿದ್ದಳು, ಮೂರನೆಯವಳು 'ಮನೆಯಲ್ಲಿಯೇ ಇದ್ದೇನೆ' ಎಂದಷ್ಟೇ ಬರೆದಿದ್ದಳು. ಮೂವರನ್ನೂ ಹಾಕಿದೆ.

ಆದರೆ ನನಗೆ ಇಷ್ಟವಾದ ಭಾಗ ಬೇರೆ. ಆ ತಂಡಕ್ಕೆ ಅಕೌಂಟೆನ್ಸಿ ಕಲಿಸಿದ ಸಿಸ್ಟರ್ ಆಗ ಎಂಬತ್ತು ದಾಟಿ ಕಾನ್ವೆಂಟಿನ ವೃದ್ಧ ಭಗಿನಿಯರ ವಿಭಾಗದಲ್ಲಿದ್ದರು. ಕಣ್ಣು ಕಾಣುತ್ತಿರಲಿಲ್ಲ. ಆ ನಾಲ್ಕು ಸಾಲನ್ನು ನನ್ನಿಂದ ಮೂರು ಸಲ ಓದಿಸಿಕೊಂಡರು. ಹೊಗಳುತ್ತಾರೆ ಎಂದು ಕಾದೆ. 'ಅವಳು ಲೆಕ್ಕ ಇಟ್ಟಿದ್ದಾಳಾ, ಬರೀ ಬಾಯಿಯಲ್ಲಿ 116 ಹೇಳುವುದಾ? ನೋಡಿಕೊಂಡು ಬಾ' ಎಂದರು. ನಾನು ಹೋದೆ. ಬಸ್ಸಿಳಿದು ಗುಡ್ಡೆ ಹತ್ತಿ, ದಾರಿ ಕೇಳಿ ಕೇಳಿ ಆ ಮನೆಗೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಅವಳು ತಡ್ಪೆಯನ್ನು ಬದಿಗಿಟ್ಟು, ಕೈ ತೊಳೆದು ಬಂದು, ಒಳಗಿನಿಂದ ಒಂದು ಉದ್ದದ ಪುಸ್ತಕ ತಂದಳು. ಕೆಂಪು ಬಾಲ್ ಪೆನ್ನಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದಿದ್ದಳು. ಹೆಸರು, ಪಾಸ್‌ಬುಕ್ ನಂಬರು, ಫಾರ್ಮು ಕೊಟ್ಟ ದಿನ, ಹಣ ಕೈಸೇರಿದ ದಿನ. ಪ್ರತಿ ಪುಟದ ತಲೆಯಲ್ಲಿ ಆರಂಭದ ಶಿಲ್ಕು ಎಂದು ಬಾಕಿ ಉಳಿದ ಫಾರ್ಮುಗಳ ಸಂಖ್ಯೆ, ಬುಡದಲ್ಲಿ ಅಖೈರು ಶಿಲ್ಕು. ಹಣ ಬಾರದವರ ಸಾಲಿನಲ್ಲಿ ಕೊನೆಯ ಅಂಕಣವನ್ನು ಖಾಲಿ ಬಿಟ್ಟು ಪೆನ್ಸಿಲಿನಲ್ಲಿ ಸಣ್ಣ ಚುಕ್ಕಿ ಇಟ್ಟಿದ್ದಳು. ಚುಕ್ಕಿ ಏಕೆ ಎಂದರೆ, 'ಎಷ್ಟು ಸಲ ಕಚೇರಿಗೆ ಹೋದೆನೋ ಅಷ್ಟು ಚುಕ್ಕಿ ಟೀಚರ್.' ಒಂದು ಸಾಲಿನಲ್ಲಿ ಏಳು ಚುಕ್ಕಿಗಳಿದ್ದವು. ನಾನು ಎರಡು ಪುಟಗಳನ್ನು ಕೂಡಿಸಿ ನೋಡಿದೆ. ಹಿಂದಿರುಗಿ ಹೋಗಿ, 'ಮೊತ್ತ ತಾಳೆಯಾಗುತ್ತದೆ ಸಿಸ್ಟರ್' ಎಂದೆ. 'ಆಗಲೇಬೇಕಲ್ಲ' ಎಂದು ಮಗ್ಗುಲು ಬದಲಾಯಿಸಿದರು.

ಗಾಜಿನಾಚೆ ಕುಳಿತವರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಚೀಟಿಯಲ್ಲಿ ತೇರ್ಗಡೆಯಾದ ವರ್ಷ ಇರಲಿ. ವರ್ಷವಿಲ್ಲದ ಚೀಟಿಯನ್ನು ಎಲ್ಲಿಯೂ ಸೇರಿಸಲಾಗುವುದಿಲ್ಲ. ಮದುವೆಯ ಮೊದಲಿನ ಹೆಸರನ್ನು ದಯವಿಟ್ಟು ಬರೆಯಿರಿ; ಕಾಲೇಜಿನ ದಾಖಲೆಯಲ್ಲಿ ನಿಮ್ಮ ಗಂಡನ ಹೆಸರಿಲ್ಲ, ಹಾಗಾಗಿ ಮದುವೆಯಾದ ಮರುದಿನವೇ ನೀವು ನಮ್ಮ ಪಾಲಿಗೆ ಕಾಣೆಯಾಗುತ್ತೀರಿ. ಊರನ್ನೂ ಬರೆಯಿರಿ, ಏಕೆಂದರೆ ಒಂದೇ ತರಗತಿಯಲ್ಲಿ ಡಿಸೋಜ ಆರೇಳು ಮಂದಿ ಇರುತ್ತಾರೆ, ಕುಲಶೇಖರದವಳೋ ಬೊಂದೆಲಿನವಳೋ ಶಿರ್ವದವಳೋ ನಾನು ಹೇಗೆ ತಿಳಿಯಲಿ? ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದೇನೆ ಎನ್ನಬೇಡಿ. ಅಲ್ಲಿ ಹಾಕಿದ್ದು ಮರುದಿನದ ಶುಭೋದಯದ ಹೂಗಳ ಕೆಳಗೆ ಹೂತುಹೋಗಿರುತ್ತದೆ. ತೀರಿಕೊಂಡವರ ಸುದ್ದಿಯನ್ನೂ ತಿಳಿಸಿ; ಈಗ ಅದನ್ನು ಕೊಂಕಣಿ ವಾರಪತ್ರಿಕೆಗಳಲ್ಲಿ ನಾನೇ ಹುಡುಕಬೇಕಾಗಿದೆ. ಕನ್ನಡದಲ್ಲಾಗಲಿ, ಕೊಂಕಣಿಯಲ್ಲಾಗಲಿ, ತುಳುವನ್ನು ಕನ್ನಡ ಲಿಪಿಯಲ್ಲಾಗಲಿ ಬರೆಯಿರಿ. ತಿದ್ದುವುದಕ್ಕೆ ನಾನಿದ್ದೇನೆ, ನನ್ನ ಕೆಂಪು ಪೆನ್ನು ಇನ್ನೂ ಮುಗಿದಿಲ್ಲ.

ದೇಣಿಗೆ ಕೇಳುತ್ತಾರೆ ಎಂಬ ಹೆದರಿಕೆಯಿಂದ ಬರೆಯದವರೂ ಇದ್ದಾರೆ. ಹಣ ಕೇಳುವವರು ಬೇರೆ, ನಾನು ಬೇರೆ.

ಮುಂದಿನ ಸಂಚಿಕೆ ಕ್ರಿಸ್ಮಸ್ಸಿಗೆ ಮೊದಲು ಬರುತ್ತದೆ. ನವೆಂಬರ್ 15ರ ಒಳಗೆ ಚೀಟಿ ನನ್ನ ಕೈಸೇರಬೇಕು. ಕಾಲೇಜಿನ ಕಚೇರಿಯ ಕಿಟಕಿಯಲ್ಲಿ ಕೊಟ್ಟರೂ ಆದೀತು, ಶನಿವಾರ ಮಧ್ಯಾಹ್ನದವರೆಗೆ ತೆರೆದಿರುತ್ತದೆ. 1994ರ ಬಿ.ಎ. ತಂಡದ ನಲವತ್ತೆರಡು ಮಂದಿಯಲ್ಲಿ ಇದುವರೆಗೆ ಬರೆದವರು ಇಬ್ಬರು. ಉಳಿದ ನಲವತ್ತು ಮಂದಿಯಲ್ಲಿ ಯಾರಾದರೂ ಕೇಳುತ್ತಿದ್ದರೆ, ಒಲೆಯ ಉರಿ ಸಣ್ಣ ಮಾಡಿ ಒಂದು ಪೆನ್ನು ತೆಗೆದುಕೊಳ್ಳಿ. ನಮಸ್ಕಾರ.